ತಿಂದಿಲ್ಲ, ಮುಗಿಸಿದೆ

ಟೈಲರು ಸುಳ್ಳು ಹೇಳುವ ಪೈಕಿ ಅಲ್ಲ. ಹೋದ ವರ್ಷ ಹಬ್ಬ ಕಳೆದ ಮೇಲೆ ಕಣ್ಣಿನ ಡಾಕ್ಟರು, "ಸಿಹಿ ಜಾಸ್ತಿ ತಿಂದ್ರಾ?" ಎಂದು ಕೇಳಿದಾಗ ಅವರು ಎದೆಯ ಮೇಲೆ ಕೈಯಿಟ್ಟುಕೊಂಡು, "ಇಲ್ಲಮ್ಮ, ತಿಂದಿಲ್ಲ. ಮುಗಿಸಿದೆ, ಅಷ್ಟೇ" ಎಂದಿದ್ದರು.

ಡಾಕ್ಟರಮ್ಮ ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ ವಿಷಯ ಹೇಳಿದರು. ಸಕ್ಕರೆ ಮಿತಿಮೀರಿ ಎಡಗಣ್ಣಿನ ಹಿಂದೆ ರಕ್ತ ಜಿನುಗಿದೆ, ಕಣ್ಣೆದುರು ಮಂಜು ಕವಿದಿರುವುದು ಅದಕ್ಕೇ, ಈ ಸಲ ಹೇಗೋ ಉಳಿಸಿಕೊಡುತ್ತೇನೆ, ಇನ್ನೊಮ್ಮೆ ಹೀಗಾದರೆ ನನ್ನ ಕೈಲಿಲ್ಲ ಎಂದರು. ಸೂಜಿ ಹಿಡಿದು ಬದುಕುವವನಿಗೆ ಇದಕ್ಕಿಂತ ಬಿಡಿಸಿ ಹೇಳಬೇಕೇ? ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ, ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಆ ಮಾತಿನಮಲ್ಲಿ, ಮನೆ ಸೇರುವತನಕ ತುಟಿ ಬಿಚ್ಚಲಿಲ್ಲ.

ಯಾಕೆಂದರೆ ಆ ಮನೆಯಲ್ಲಿ ತಿನ್ನುವುದು ಬೇರೆ, ಮುಗಿಸುವುದು ಬೇರೆ. ತಿನ್ನುವುದು ಹಸಿವಾದಾಗ, ಕೂತು, ತಟ್ಟೆ ಇಟ್ಟುಕೊಂಡು. ಮುಗಿಸುವುದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಪಾತ್ರೆಯ ತಳ ನೋಡಿಕೊಂಡು. "ಇಷ್ಟೇ ಇಷ್ಟಿದೆ ರೀ, ಮುಗಿಸಿಬಿಡಿ" ಎಂದು ಟೈಲರಮ್ಮ ಅಂದರೆ ಮುಗಿಯಿತು. ಆ ಮಾತಿನಲ್ಲಿ ಪ್ರೀತಿಯೂ ಇತ್ತು, ಪಾತ್ರೆ ತೊಳೆಯುವ ಅವಸರವೂ ಇತ್ತು. ಆಕೆ ಹುಟ್ಟಿದ್ದು ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಅಮ್ಮನ ಕಣ್ಣು ಕೆಂಪಾಗುತ್ತಿದ್ದ ಮನೆಯಲ್ಲಿ. ಅನ್ನ ಚೆಲ್ಲುವುದೆಂದರೆ ಆಕೆಗೆ ಪಾಪ ಕಟ್ಟಿಕೊಂಡ ಹಾಗೆ. ಹೀಗಾಗಿ ಮೂವತ್ತು ಚಿಲ್ಲರೆ ವರ್ಷಗಳಿಂದ ಟೈಲರ ಹೊಟ್ಟೆಯೇ ಆ ಮನೆಯ ಕೊನೆಯ ಡಬ್ಬಿ.

ಈ ವರ್ಷ ಮತ್ತೆ ಹಬ್ಬ ಬಂತು. ಬರುತ್ತೇವೆಂದ ನೆಂಟರಲ್ಲಿ ಅರ್ಧ ಜನ ಬರಲಿಲ್ಲ. ಊಟ ಮುಗಿದ ಮೇಲೆ ಟೈಲರು ಅಡುಗೆಮನೆಗೆ ಇಣುಕಿ ನೋಡಿದರೆ ಅನ್ನ, ಬೇಳೆ, ಪಲ್ಯ, ಬೇಯಿಸಿದ ಆಲೂಗಡ್ಡೆ, ಹೆಚ್ಚಿಟ್ಟ ತರಕಾರಿ, ಜೊತೆಗೆ ನಾದಿನಿ, ಟೈಲರಮ್ಮನ ತಂಗಿ, ತನ್ನ ಮನೆಯಿಂದ ಹೊತ್ತು ತಂದಿದ್ದ ಹಾಲಿನ ಸಿಹಿ, ಅದೂ ದೊಡ್ಡ ಪಾತ್ರೆಯಲ್ಲಿ. ಅವರು ಹೊಸ್ತಿಲಲ್ಲೇ ನಿಂತರು. ಆಸೆಯಿಂದಲ್ಲ, ಭಯದಿಂದ. ಯಾರಾದರೂ ಮುಗಿಸಿಬಿಡಿ ಎಂದರೆ ತಮ್ಮ ಕೈ ತಮ್ಮ ಮಾತು ಕೇಳುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಟೈಲರಮ್ಮ ಸೆರಗು ಸಿಕ್ಕಿಸಿದರು. ಮೊದಲು ಕಾಲುಭಾಗ ಆಗಲೇ ಬಿಸಿಬಿಸಿಯಾಗಿ ಅಕ್ಕಪಕ್ಕದ ಮನೆಗಳಿಗೆ ಹೋಯಿತು.

"ಬೆಳಿಗ್ಗೆ ಕೊಟ್ರಾಯ್ತಲ್ಲೇ, ಸುಸ್ತಾಗಿದ್ದೀಯ" ಎಂದರು ಟೈಲರು.

"ಇವತ್ತು ಕೊಟ್ರೆ ಊಟ ಕಳಿಸಿದ್ಲು ಅಂತಾರೆ. ನಾಳೆ ಕೊಟ್ರೆ ಏನಂತಾರೆ ಅಂತ ನಾನು ಹೇಳ್ಬೇಕಾ?"

ಉಳಿದ ಅನ್ನವನ್ನು ಅಗಲ ತಟ್ಟೆಗಳಲ್ಲಿ ಹರವಿ ಆರಿಸಿ, ಒಂದೊಂದು ಹೊತ್ತಿಗೆ ಸಾಕಾಗುವಷ್ಟು ಸಣ್ಣ ಡಬ್ಬಿಗಳಿಗೆ ತುಂಬಿ ಫ್ರಿಜ್ಜಿಗೆ ಸೇರಿಸಿದರು. ಮರುದಿನ ಬೇಳೆ ನೀರಾಗಿ, ನಿಂಬೆಹಣ್ಣು ಹಿಂಡಿಸಿಕೊಂಡು, ಸೂಪಿನ ವೇಷದಲ್ಲಿ ಬಂತು. ಆಲೂಗಡ್ಡೆ ಮತ್ತು ಪಲ್ಯ ಹಿಟ್ಟಿನೊಳಗೆ ಅಡಗಿ ಕಾವಲಿಯ ಮೇಲೆ ಕೆಂಪಗಾದವು. ಹಸಿ ತರಕಾರಿ ಪ್ರತಿ ತಟ್ಟೆಯಲ್ಲೂ ಮೊದಲು ಬೀಳುತ್ತಿತ್ತು. ಅದು ಖಾಲಿಯಾಗದೆ ಅನ್ನ ಬರುತ್ತಿರಲಿಲ್ಲ. ಪಾತ್ರೆಗಳು ಊಟದ ಮೇಜಿಗೆ ಬರುವುದೇ ನಿಂತುಹೋಯಿತು. ತಟ್ಟೆ ಒಳಗೇ ತುಂಬಿ ಹೊರಗೆ ಬರುತ್ತಿತ್ತು, ಖಾಲಿಯಾಗಿ ಒಳಗೆ ಹೋಗುತ್ತಿತ್ತು. ತಳ ಕಾಣದಿದ್ದರೆ ಮುಗಿಸುವುದು ಯಾವುದನ್ನು?

ಟೈಲರು ಕಾವಲಿಯ ಮುಂದೆ ನಿಂತು ಬೆರಗಾಗಿ ನೋಡಿದರು. ಅಪ್ಪನ ಪ್ಯಾಂಟನ್ನು ಬಿಚ್ಚಿ, ಸವೆದದ್ದನ್ನು ತೆಗೆದು, ಮಗನಿಗೆ ನಿಕ್ಕರು ಹೊಲಿದುಕೊಡುವ ಕಷ್ಟ ಅವರಿಗೆ ಗೊತ್ತಿಲ್ಲದ್ದಲ್ಲ. ಹೊಸ ಬಟ್ಟೆಯನ್ನು ಕೆಲಸ ಕಲಿಯುವ ಹುಡುಗನೂ ಹೊಲಿಯುತ್ತಾನೆ, ಆಲ್ಟರೇಷನ್‌ಗೆ ಕೈ ಪಳಗಿರಬೇಕು.

"ನಿನ್ನೆ ಪಲ್ಯ ಅಂತ ಗುರುತೇ ಸಿಗಲ್ವಲ್ಲೇ. ಹೊಲಿಗೆನೇ ಕಾಣ್ತಿಲ್ಲ."

"ಸಾಕು ಸುಮ್ನಿರಿ, ಹೊಗಳಿದ್ರೆ ಇನ್ನೊಂದು ಸಿಗುತ್ತೆ ಅಂದ್ಕೊಂಡ್ರಾ?" ಎಂದರು ಟೈಲರಮ್ಮ. ಆದರೆ ಮುಖ ಅರಳಿತ್ತು.

ಹೀಗೆ ಎಲ್ಲವನ್ನೂ ಸಾಗಹಾಕಿಯಾಯಿತು. ಸಿಹಿಯನ್ನೂ ಬೀದಿಯ ಮಕ್ಕಳಿಗೆ, ಇಸ್ತ್ರಿ ಅಂಗಡಿಯವನಿಗೆ, ಕಸದ ಗಾಡಿಯವರಿಗೆ ಲೋಟ ಲೋಟ ಕೊಟ್ಟದ್ದಾಯಿತು. ಇನ್ನು ಕೊಡಲು ಹೋದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ ಎಂಬ ಹಂತಕ್ಕೆ ಬಂದಾಗ ತಳದಲ್ಲಿ ಒಂದು ಬಟ್ಟಲಿನಷ್ಟು ಉಳಿಯಿತು. ಮರುದಿನಕ್ಕೆ ಇಟ್ಟರೆ ಕೆಡುತ್ತದೆ. ಆ ಹೊತ್ತಿಗೆ ಸರಿಯಾಗಿ ನಾದಿನಿ ತನ್ನ ಪಾತ್ರೆ ಒಯ್ಯಲು ಬಂದಳು.

"ಇದನ್ನೂ ತಗೊಂಡು ಹೋಗೇ" ಎಂದರು ಟೈಲರಮ್ಮ.

"ಅಯ್ಯೋ ಬೇಡ ಅಕ್ಕ, ನಮ್ಮನೇಲಿ ಎಲ್ಲರಿಗೂ ಸಾಕಾಗಿಹೋಗಿದೆ." ನಾದಿನಿ ಚಮಚ ಹಾಕಿ ಪಾತ್ರೆಯನ್ನು ಟೈಲರ ಮುಂದೆ ಸರಿಸಿದಳು. "ಇಷ್ಟೇ ಇಷ್ಟಿದೆ ಭಾವ. ಮುಗಿಸಿಬಿಡಿ, ನಾನು ಹೊರಡ್ತೀನಿ."

ಪಾಪ, ಅವಳಿಗೇನು ಗೊತ್ತು. ಅವಳೂ ಅದೇ ಅಮ್ಮನ ಮಗಳು.

ಟೈಲರ ಕೈ ಚಮಚದ ಮೇಲಿತ್ತು. ಯಾವಾಗ ಹೋಯಿತೆಂದು ಅವರಿಗೇ ತಿಳಿಯಲಿಲ್ಲ. ಒಂದು ಬಟ್ಟಲು ತಾನೇ, ಎಂದಿತು ಮನಸ್ಸು. ಹೋದ ವರ್ಷವೂ ಪ್ರತಿ ಸಲ ಒಂದೇ ಬಟ್ಟಲಾಗಿತ್ತು.

ಟೈಲರಮ್ಮ ಪಾತ್ರೆಯನ್ನು ಎಳೆದುಕೊಂಡರು. ಚಮಚ ತಾವೇ ತೆಗೆದುಕೊಂಡು ತುಂಬಿಸಿದರು. ಇನ್ನೇನು, ಗಂಡನ ಪಾಲಿನದು ಈಗ ಹೆಂಡತಿಯ ಹೊಟ್ಟೆಗೆ ಎಂದುಕೊಂಡು ಟೈಲರು ತಲೆ ತಗ್ಗಿಸಿದರು. ತಾವಿಲ್ಲದ ಹೊತ್ತಿನಲ್ಲಿ ಆಕೆಯೇ ಪಾತ್ರೆ ಮುಗಿಸಿ ಮೈಭಾರ ಹೆಚ್ಚಿಸಿಕೊಂಡದ್ದೇ ಆಕೆಯ ಮಂಡಿನೋವಿಗೆ ಮೂಲ ಎಂದು ಅವರು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ. ಚಮಚ ಬಾಯಿಯ ಹತ್ತಿರ ಹೋಯಿತು, ಅಲ್ಲೇ ನಿಂತಿತು, ಮತ್ತೆ ಪಾತ್ರೆಗೆ ಇಳಿಯಿತು.

ಟೈಲರಮ್ಮ ಎದ್ದುಹೋಗಿ ಸಿಹಿಯನ್ನು ಕಸದ ಬುಟ್ಟಿಗೆ ಸುರಿದರು.

"ಅಕ್ಕ" ಎಂದಳು ನಾದಿನಿ.

"ತಪ್ಪಾಯ್ತು ಅಂತ ಅಮ್ಮಂಗೆ ನಾನೇ ಹೇಳ್ಕೋತೀನಿ" ಎಂದರು ಟೈಲರಮ್ಮ. ಅಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಪಾತ್ರೆ ತೊಳೆದು, ಒರೆಸಿ, ತಂಗಿಯ ಕೈಗೆ ಕೊಟ್ಟರು.

ನಾದಿನಿ ಹೊರಟುಹೋದಳು. ಅನ್ನದ ಅಗುಳಿಗೆ ಹೆದರುವ ಈ ಹೆಂಗಸು ನನ್ನ ಕಣ್ಣಿಗೋಸ್ಕರ ಒಂದು ಬಟ್ಟಲು ಸಿಹಿ ಚೆಲ್ಲಿದಳು ಎಂದುಕೊಂಡರು ಟೈಲರು. ಇಂಥವಳ ಜೊತೆ ಬಾಳಿದೆನಲ್ಲ ಎಂದು ಹೆಮ್ಮೆಯೆನಿಸಿತು. ಕೊನೆಗೆ ಅವರು ಎದ್ದು ಒಂದು ತಟ್ಟೆ ತೆಗೆದುಕೊಂಡರು.

"ಕೂತ್ಕೋ ಬಾ. ನಿಂದಿನ್ನೂ ಊಟ ಆಗಿಲ್ಲ."

ಹೆಂಡತಿ ಕೂತರು. ಟೈಲರು ಮೊದಲು ತರಕಾರಿ ಹಾಕಿದರು, ಆಮೇಲೆ ಸೌಟಿನಲ್ಲಿ ಅನ್ನ ತೆಗೆದು ಬಡಿಸತೊಡಗಿದರು.

"ಸಾಕು" ಎಂದರು ಟೈಲರಮ್ಮ.

ಆ ಮನೆಯಲ್ಲಿ ಸಾಕು ಎಂದದ್ದಕ್ಕೆ ಸೌಟು ನಿಂತದ್ದು ಅದೇ ಮೊದಲು.