ಹಾರ್ಲನ್‌ನ ಕೋಟಿಗೆ ಗಾಳಿ ಬೇಕಿತ್ತು

ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಂಜು ಹೇಳದೆ ಕೇಳದೆ ಮನೆಯೊಳಗೇ ಬಂದು ಕೂರತ್ತೆ. ಹಾಗಾಗಿ ಚರ್ಮದ ಸಾಮಾನಿಗೆ ಬೂಷ್ಟು ಹಿಡಿಯೋದು ಇಲ್ಲಿ ಮನೆಮನೆಯ ಗೋಳು. ನಾನು ಕೊರಾ. ಇಪ್ಪತ್ತಾರು ವರ್ಷದಿಂದ ಫೋಲ್ಸಮ್ ಬೀದಿಯಲ್ಲಿ ನಮ್ಮ ಲೆದರ್ ಬಳಗದವರ ಬೂಟಿಗೆ ಪಾಲಿಶ್ ಹಾಕ್ತಾ ಬಂದಿದೀನಿ. ಕರಿ ಚರ್ಮದ ಉಡುಪು ತೊಟ್ಟ ಗೇ ಗಂಡಸರು, ನನ್ನ ಹಾಗೆ ಹೆಂಗಸರನ್ನೇ ಪ್ರೀತಿಸೋ ಹೆಂಗಸರು, ಎಲ್ಲರೂ ನನ್ನ ಎತ್ತರದ ಕುರ್ಚಿ ಮೇಲೆ ಕೂತು ಕಾಲು ಚಾಚಿದವರೇ. ಬೂಟು ಹೊಳೆಯೋ ಹೊತ್ತಿಗೆ ಮನಸ್ಸಲ್ಲಿ ಇದ್ದಿದ್ದೆಲ್ಲ ಹೇಳಿ ಮುಗಿಸಿರ್ತಾರೆ.

ಒಂದು ಬುಧವಾರ ಎಲ್ವುಡ್ ಬಂದ. ಎಪ್ಪತ್ತೆಂಟರ ಮುದುಕ. ಸೋಮವಾರ ಮನೆ ಖಾಲಿ ಮಾಡಿ ವೃದ್ಧಾಶ್ರಮದ ಒಂದೇ ಒಂದು ಕೋಣೆಗೆ ಹೋಗೋನಿದ್ದ. ಕಂಕುಳಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಚೀಲ. ಇದನ್ನ ನಿನ್ನ ಕಸದ ಡಬ್ಬಿಗೆ ಹಾಕು, ನನ್ನ ಕೈಯಲ್ಲಿ ಆಗಲ್ಲ, ಬಿಚ್ಚಿ ಮಾತ್ರ ನೋಡಬೇಡ ಅಂದ. ನೋಡಬೇಡ ಅಂದ್ರೆ ನೋಡದೇ ಇರೋಳಲ್ಲ ನಾನು. ಬಿಚ್ಚೇ ಬಿಟ್ಟೆ.

ಒಳಗಿದ್ದದ್ದು ತೋಳಿಲ್ಲದ ಚರ್ಮದ ಕೋಟು, ಹಾರ್ಲನ್‌ನದು. ಹಾರ್ಲನ್ ಎಲ್ವುಡ್‌ನ ಜೊತೆ ಹನ್ನೊಂದು ವರ್ಷ ಬಾಳಿದವನು. ಏಡ್ಸ್ ನಮ್ಮ ಅರ್ಧ ಬೀದಿಯನ್ನೇ ಹೊತ್ಕೊಂಡು ಹೋದ ಕಾಲದಲ್ಲಿ ಅವನೂ ಹೋದ. ಕೋಟಿನ ಬೆನ್ನ ಮೇಲೆ ಅವನ ಬೈಕ್ ಕ್ಲಬ್ಬಿನ ಹೆಸರು, ಎದೆ ತುಂಬ ಬಿಲ್ಲೆಗಳು, ಕ್ಲಬ್ಬಿನವರು ಹೋದ ಒಂದೊಂದು ಪಯಣಕ್ಕೆ ಒಂದೊಂದು. ಎಲ್ಲದರ ಮೇಲೂ ಹಸಿರು-ಬಿಳಿ ಬೂಷ್ಟು.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ತಾನು ಸೇರದ ಕ್ಲಬ್ಬಿನ ಕೋಟನ್ನ ಯಾರೂ ತೊಡೋ ಹಾಗಿಲ್ಲ. ಎಲ್ವುಡ್ ಆ ಕ್ಲಬ್ಬಿನವನಲ್ಲ. ಅದಕ್ಕೇ ಪುಣ್ಯಾತ್ಮ, ಮರ್ಯಾದೆ ಅಂದ್ಕೊಂಡು, ಚೀಲಕ್ಕೆ ತುಂಬಿ ಟೇಪು ಸುತ್ತಿ ಮೂವತ್ತನಾಲ್ಕು ವರ್ಷ ಮುಟ್ಟದೇ ಇಟ್ಟಿದ್ದ. ಮನೆ ಖಾಲಿ ಮಾಡುವಾಗ ತೆಗೆದು ನೋಡಿದ್ರೆ ಹೀಗೆ.

"ನಾನೇ ಅವನನ್ನ ಎರಡನೇ ಸಲ ಕೊಂದೆ ಕಣೇ," ಅಂದ. ನಾನು ಬೂಷ್ಟನ್ನ ಉಗುರಿಂದ ಕೆರೆದು ನೋಡಿದೆ.

"ಸುಮ್ನಿರಪ್ಪಾ. ಬೂಷ್ಟು ಮೇಲ್ಮೇಲಿದೆ ಅಷ್ಟೇ. ಚರ್ಮ ನಿನಗಿಂತ ಗಟ್ಟಿಯಾಗಿದೆ."

ಕೋಟನ್ನ ಹೊರಗೆ ತಂದು ಮೆತ್ತನೆ ಬ್ರಷ್ಷಿನಿಂದ ಬೂಷ್ಟು ಉದುರಿಸಿದೆ. ಸ್ಪಿರಿಟ್ಟಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ಹಗುರವಾಗಿ ಒರೆಸಿದೆ. ಬಿಸಿಲಿಗೆ ಹಾಕೋಣ ಅಂತ ಎಲ್ವುಡ್ ಎದ್ದ, ಕೂರಿಸಿದೆ. ಬಿಸಿಲಿಗೆ ಹಾಕಿದ್ರೆ ಚರ್ಮ ಹಪ್ಪಳ ಆಗತ್ತೆ. ನೆರಳಲ್ಲೇ ಎರಡು ದಿನ ತೂಗಿಹಾಕಿ, ಆಮೇಲೆ ಚರ್ಮಕ್ಕೆ ಹಚ್ಚೋ ಎಣ್ಣೆ ತೆಳ್ಳಗೆ ಸವರಿದೆ. ಮತ್ತೆ ಪ್ಲಾಸ್ಟಿಕ್ಕಿಗೆ ತುಂಬಬೇಡ, ಹತ್ತಿ ಬಟ್ಟೆ ಹೊದಿಸು, ಚರ್ಮ ಉಸಿರಾಡಬೇಕು ಅಂತ ಹೇಳಿಕೊಟ್ಟೆ.

ಶುಕ್ರವಾರ ಬಂದವನು ಕೋಟನ್ನ ಮೂಸಿ ನೋಡ್ತಾ ಬಹಳ ಹೊತ್ತು ನಿಂತ. ಭಾನುವಾರ ನಮ್ಮ ಬಳಗದವರೆಲ್ಲ ಬೀದಿಗಿಳಿಯೋ ಹೆಮ್ಮೆಯ ನಡಿಗೆಗೆ ಬಾ ಅಂದೆ. ಮುಖ ಸಿಂಡರಿಸಿದ.

"ಅದೆಲ್ಲ ಹುಡುಗರ ಶೋಕಿ. ಏನು ಉಳಿದಿದೆ ಅಂತ ನಡೀತೀರ? ನಾವು ಕುಣಿದ ಬಾರಿನ ಜಾಗದಲ್ಲಿ ಈಗ ಹಾಸಿಗೆ ಮಾರ್ತಾರೆ."

"ನಾವೂ ನಡೀದೇ ಇದ್ರೆ, ಅಲ್ಲಿ ಮೊದಲಿಂದ್ಲೂ ಹಾಸಿಗೆ ಅಂಗಡಿಯೇ ಇತ್ತು ಅಂತಾಗತ್ತೆ."

"ಇದನ್ನ ನಾನು ಹಾಕ್ಕೊಳ್ಳೋ ಹಾಗಿಲ್ವಲ್ಲ."

"ಹಾಕ್ಕೋ ಅಂದೋರ್ಯಾರು? ಕೈಯಲ್ಲಿ ಹಿಡ್ಕೊಂಡು ಬಾ."

ಭಾನುವಾರ ಬೆಳಿಗ್ಗೆ ಮಂಜು ಎಷ್ಟಿತ್ತು ಅಂದ್ರೆ ಮುಂದಿನವರ ಬೆನ್ನಷ್ಟೇ ಕಾಣ್ತಿತ್ತು. ಇನ್ನೂರು ಜನರ ಬೂಟಿನ ಸದ್ದು, ಚರ್ಮದ ಕಿರಕಿರ, ಎಲ್ಲ ನೀರೊಳಗಿಂದ ಕೇಳಿದ ಹಾಗೆ. ಅಂಗಡಿಗಳ ಬೋರ್ಡು ಮಂಜಲ್ಲಿ ಅಳಿಸಿಹೋಗಿ, ಬೀದಿ ಯಾವ ಕಾಲದ್ದು ಅಂತ ಒಂದು ಗಳಿಗೆ ನನಗೂ ತಿಳೀಲಿಲ್ಲ. ಎಲ್ವುಡ್ ಕೋಟನ್ನ ಎರಡೂ ಕೈ ಮೇಲೆ ಮಲಗಿಸಿಕೊಂಡು ನನ್ನ ಪಕ್ಕದಲ್ಲಿ ನಡೀತಿದ್ದ.

ಹಳೇ ಬಾರು ಇದ್ದ ಒಂದೊಂದು ಜಾಗದಲ್ಲೂ ನಾವು ನಿಲ್ತೀವಿ. ತೀರಿಹೋದವರ ಹೆಸರನ್ನ ಒಬ್ಬರು ಕೂಗ್ತಾರೆ, ಉಳಿದವರು ಹೇಳ್ತಾರೆ. ಹಾಸಿಗೆ ಅಂಗಡಿ ಮುಂದೆ ನಿಂತಾಗ ಎಲ್ವುಡ್ ಕೋಟನ್ನ ಎದೆಗೆ ಒತ್ತಿಕೊಂಡ. 

"ಹಾರ್ಲನ್," ಅಂದ, ನನಗೆ ಮಾತ್ರ ಕೇಳಿಸೋ ಹಾಗೆ. ನಾನು ಜೋರಾಗಿ ಹೇಳಿದೆ. ಆಮೇಲೆ ಮಂಜಿನೊಳಗಿಂದ ಇನ್ನೂರು ಗಂಟಲು ಅದೇ ಹೆಸರನ್ನ ಹೇಳಿದವು, ಹಿಂದಿನ ಸಾಲಿಗೆ ತಲುಪೋವರೆಗೂ ಹೇಳ್ತಾನೇ ಇದ್ದವು. ನನಗೆ ಅಳು ತಡೆಯೋಕಾಗಲಿಲ್ಲ.

ಗುಂಪಿನಿಂದ ಒಬ್ಬಳು ಬೆಳ್ಳಿಗೂದಲ ಹೆಂಗಸು ಬಂದು ಕೋಟಿನ ಮೇಲಿನ ಒಂದು ನೀಲಿ ಬಿಲ್ಲೆ ಮುಟ್ಟಿದಳು. ಅದು ನದಿ ದಂಡೆಯ ಶಿಬಿರದ್ದು, ತಾನೂ ಅಲ್ಲಿದ್ದೆ, ಹಾರ್ಲನ್ ಐವತ್ತು ಜನರ ಕಾಳಿನ ಸಾರು ಸೀಯಿಸಿ ಬೈಸಿಕೊಂಡಿದ್ದ ಅಂದಳು. ಆ ಬಿಲ್ಲೆ ಎಲ್ಲಿಯದು ಅಂತ ಎಲ್ವುಡ್‌ಗೂ ಗೊತ್ತಿರಲಿಲ್ಲ. ಕಣ್ಣೊರೆಸಿಕೊಳ್ತಾನೇ ನಕ್ಕ.

ನಡಿಗೆ ಮುಗಿಯೋ ಕಡೆ ನಮ್ಮ ಬಳಗದ ಸಂಗ್ರಹಾಲಯದವರು ಮೇಜು ಹಾಕಿದ್ದರು. ಕೋಟನ್ನ ಅಲ್ಲಿಗೇ ಕೊಡ್ತೀನಿ ಅಂದ ಎಲ್ವುಡ್, ನಾನೇನೂ ಹೇಳಿರಲಿಲ್ಲ. ಅವರು ಒಂದು ಚೀಟಿ ಕೊಟ್ಟರು: ಕೋಟು ಯಾರದು, ಬಿಲ್ಲೆಗಳ ಕಥೆ ಏನು, ಕೊಡೋರು ಅವರಿಗೆ ಏನಾಗಬೇಕು. ಕೊನೇ ಸಾಲಿಗೆ ಬಂದು ಎಲ್ವುಡ್‌ನ ಪೆನ್ನು ನಿಂತಿತು. ಹಾರ್ಲನ್ ಸಾಯೋವಾಗ ಆಸ್ಪತ್ರೆಯವರೂ ಇದನ್ನೇ ಕೇಳಿದ್ರು, ಅವನ ಅಣ್ಣ ನನ್ನ ಮುಂದೇನೇ ನನ್ನನ್ನ ಬರೀ ಜೊತೆ ಬಾಡಿಗೆಯವನು ಅಂತ ಬರೆಸಿದ, ನನ್ನನ್ನ ಒಳಗೆ ಬಿಡಲಿಲ್ಲ ಅಂದ. ಆಮೇಲೆ ಬಗ್ಗಿ, ದಪ್ಪ ಅಕ್ಷರದಲ್ಲಿ, ಗಂಡ ಅಂತ ಬರೆದ.

ಬಂಧುಗಳೇ, ನಿಮ್ಮ ಬೀರುವಿನಲ್ಲೂ ಇಂಥ ಒಂದು ಚೀಲ ಇರಬಹುದು. ಇವತ್ತೇ ಬಿಚ್ಚಿ. ಬೂಷ್ಟು ಕಂಡ್ರೆ ಹೆದರಬೇಡಿ, ಎಸೀಬೇಡಿ, ನನ್ನ ಹತ್ರ ತನ್ನಿ. ಮುಂದಿನ ನಡಿಗೆಯ ಭಾನುವಾರ ಬೀದಿಗೆ ಬನ್ನಿ, ತೊಡೋ ಹಾಗಿಲ್ಲದಿದ್ರೆ ಕೈಯಲ್ಲಿ ಹಿಡ್ಕೊಂಡು ಬನ್ನಿ. ಅದು ಯಾರದು ಅಂತ ಒಂದು ಚೀಟಿ ಬರೆದು ಅದರ ಜೇಬಿನಲ್ಲಿಡಿ. ಹಾಗೇ, ನೀವು ಅವರಿಗೆ ಏನಾಗಬೇಕು ಅನ್ನೋದನ್ನೂ ನಿಮ್ಮ ಕೈಯಾರೆ ಬರೀರಿ. ಅದನ್ನ ಬೇರೆಯವರು ಬರೆಯೋಕೆ ಬಿಡಬೇಡಿ.