ಅಗಿಯುವ ಮನೆಯಲ್ಲಿ ಕೆಂಚಮ್ಮ

ಇದನ್ನು ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟಿನಲ್ಲಿ ಚಾಮುಂಡಿ ಬೆಟ್ಟದ ಮೇಲೆ ಒಂದು ಮೋಡವನ್ನು ಕೂರಿಸಿದ್ದೆ. ಮೋಡ ಚೆನ್ನಾಗಿತ್ತು, ಕಥೆಗೂ ಅದಕ್ಕೂ ಸಂಬಂಧವಿರಲಿಲ್ಲ. ಹರಿದುಹಾಕಿದೆ. ಎರಡನೆಯದರಲ್ಲಿ ಆಹಾರದ ಬಗ್ಗೆ ಒಂದು ಪುಟ ತತ್ತ್ವ ಬರೆದೆ. ಓದಿ ನೋಡುವಾಗ ನನಗೇ ಹಸಿವಾಗಿ, ಎದ್ದು ಹೋಗಿ ಉಪ್ಪಿಟ್ಟು ತಿಂದುಬಂದೆ. ಆದ್ದರಿಂದ ಓದುಗರೇ, ನೇರವಾಗಿ ಊಟಕ್ಕೇ ಕೂರೋಣ.

೧

ಸಾವಿರದ ಒಂಬೈನೂರ ಐವತ್ತೆಂಟು. ಲಕ್ಷ್ಮೀಪುರಂನ ಒಂದು ಬಾಡಿಗೆ ಮನೆ. ನಡುಮನೆಯಲ್ಲಿ ಮೂವರು ಊಟಕ್ಕೆ ಕೂತಿದ್ದಾರೆ: ರೇಷ್ಮೆ ಕಚೇರಿಯ ಗುಮಾಸ್ತ ಜವರಯ್ಯ, ಅವನ ಹೆಂಡತಿ ಸುಂದರಮ್ಮ, ಇಲವಾಲದಿಂದ ಬಂದು ಮಗನ ಜೊತೆಗಿರುವ ತಾಯಿ ಕೆಂಚಮ್ಮ. ಯಾರೂ ಮಾತಾಡುತ್ತಿಲ್ಲ. ಅಗಿಯುತ್ತಿದ್ದಾರೆ.

ಜವರಯ್ಯನಿಗೆ ಬಹಳ ವರ್ಷಗಳಿಂದ ಹೊಟ್ಟೆನೋವು. ಅವನ ಅಪ್ಪ ಹೊಟ್ಟೆ ಹಿಡಿದುಕೊಂಡೇ ಸತ್ತವರು. ಮಗ ಗೋಡೆಗೆ ಒರಗಿ ಮುದುಡಿಕೊಂಡಾಗಲೆಲ್ಲ ಕೆಂಚಮ್ಮನ ಮುಖ ಬಿಳಿಚಿಕೊಳ್ಳುತ್ತಿತ್ತು. ಔಷಧಿ, ಕಷಾಯ, ಹರಕೆ ಎಲ್ಲ ಮುಗಿದಿದ್ದವು. ಆಗ ಕಚೇರಿಯ ಸಿದ್ದಮಲ್ಲಪ್ಪ ಟ್ರೈನಿಂಗ್ ಮುಗಿಸಿಕೊಂಡು ಜಪಾನಿನಿಂದ ವಾಪಸಾದ. ರೇಷ್ಮೆಯ ಜೊತೆಗೆ ಊಟದ ಒಂದು ಪದ್ಧತಿಯನ್ನೂ ಕಲಿತು ಬಂದಿದ್ದ. ಹೆಸರು ಮ್ಯಾಕ್ರೋಬಯಾಟಿಕ್. ತೌಡು ತೆಗೆಯದ ಅಕ್ಕಿ, ಆಯಾ ಕಾಲದ ತರಕಾರಿ. ತಿನ್ನುವುದು ಸ್ವಲ್ಪ, ಅಗಿಯುವುದು ಬಹಳ.

“ಹೊಟ್ಟೇಲಿ ಹಲ್ಲಿಲ್ಲ ಕಣ್ರೀ ಜವರಯ್ಯ,” ಅಂದಿದ್ದ. “ಅದರ ಕೆಲಸನೂ ಬಾಯೇ ಮಾಡಿ ಕಳಿಸ್ಬೇಕು.”

ಜವರಯ್ಯ ನಂಬಿದ, ಅಗಿದ. ಮಳೆಗಾಲ ಮುಗಿಯುವ ಹೊತ್ತಿಗೆ ನೋವು ಹೋಗಿತ್ತು. ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದು ಆಯಿತು. ಕಣ್ಣು ಮುಚ್ಚಿ ಅಗಿಯುತ್ತಿದ್ದರೆ ಅನ್ನ ನಿಧಾನವಾಗಿ ಸಿಹಿಯಾಗುತ್ತಿತ್ತು. ಎಲ್ಲೋ ದೂರದಲ್ಲಿ ಹೋಗುವ ಟಾಂಗಾದ ಗೊರಸಿನ ಸದ್ದು ನಾಲಿಗೆಯ ಮೇಲೇ ನಡೆದಂತಿರುತ್ತಿತ್ತು. ಕಿಟಕಿಯ ಬಿಸಿಲು ತಟ್ಟೆಯೊಳಗೆ ಇಳಿದು ಕೂರುತ್ತಿತ್ತು. ತಾನು ಮನೆಯಲ್ಲಿದ್ದೇನೋ, ಗದ್ದೆಯ ಬದುವಿನ ಮೇಲೆ ಮಲಗಿದ್ದೇನೋ ಅವನಿಗೆ ತಿಳಿಯುತ್ತಿರಲಿಲ್ಲ.

[ಇಲ್ಲಿ ನಾನೂ ಒಂದು ತುತ್ತು ಅಗಿದು ನೋಡಿದೆ. ನನಗೆ ಕಂಡದ್ದು ಒಂದು ಕಲ್ಲು ಮಾತ್ರ.]

೨

ಸುಖ ಸಿಕ್ಕವನು ಅದನ್ನು ಎಲ್ಲರಿಗೂ ಬಡಿಸಲು ಹೊರಡುತ್ತಾನೆ. ಮನೆಗೆಲ್ಲ ಒಂದೇ ಅನ್ನ ಎಂದು ಜವರಯ್ಯ ಸಾರಿದ. ಬೆಳ್ಳನೆಯ ಅಕ್ಕಿ ಹೋಯಿತು. ಮುದ್ದೆಯೂ ಹೋಯಿತು.

“ಮುದ್ದೆ ಏನ್ ಮಾಡ್ತಲಾ ನಿಂಗೆ?” ಎಂದು ಕೇಳಿದರು ಕೆಂಚಮ್ಮ.

“ಅದನ್ನ ನುಂಗ್ತೀವಲ್ಲವ್ವ. ನುಂಗೋದು ಊಟ ಅಲ್ಲ.”

ಹುಟ್ಟಿದಾಗಿನಿಂದ ಮುದ್ದೆ ನುಂಗಿಯೇ ಬದುಕಿದ ಹೆಂಗಸು ಅನ್ನದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಈಗ ಒಂದು ಮಾತು ಹೇಳಬೇಕು. ಕೆಂಚಮ್ಮನ ಬಾಯಲ್ಲಿ ಹಲ್ಲಿರಲಿಲ್ಲ.

(ಇಷ್ಟು ದೊಡ್ಡ ಸಂಗತಿಯನ್ನು ಇಷ್ಟು ತಡವಾಗಿ ಹೇಳಿದ್ದು ನನ್ನ ಟೆಕ್ನಿಕ್ ಅಂದುಕೊಳ್ಳಬೇಡಿ. ಜವರಯ್ಯನಿಗೂ ಅದು ಹೊಳೆದಿರಲಿಲ್ಲ. ಕಣ್ಣು ಮುಚ್ಚಿ ಉಣ್ಣುತ್ತಿದ್ದನಲ್ಲ.)

ಕೆಂಚಮ್ಮ ಬಾಯಾಡಿಸುತ್ತಿದ್ದರು, ಅಷ್ಟೇ. ಆಮೇಲೆ ತಟ್ಟೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹಿತ್ತಿಲ ಬಾಗಿಲಿಗೆ ಹೋಗಿ, ಬೀದಿಯ ಹಸುವಿಗೆ ಸುರಿಯುತ್ತಿದ್ದರು. ಆ ಓಣಿಯಲ್ಲಿ ಜವರಯ್ಯನಿಗಿಂತ ಚೆನ್ನಾಗಿ ಅಗಿದು ತಿಂದದ್ದು ಆ ಹಸುವೊಂದೇ. ಒಂದು ದಿನ ಸುಂದರಮ್ಮ ನೋಡಿಬಿಟ್ಟಳು.

“ಇದೇನತ್ತೆ ಇದು? ಅವರಿಗೆ ಹೇಳ್ತೀನಿ ತಾಳಿ.”

“ಬ್ಯಾಡ ಕಣವ್ವ, ನಿಂಗೆ ಕೈ ಮುಗೀತೀನಿ. ಅವನು ನೆಮ್ಮದಿಯಾಗಿ ಉಣ್ಣೋದ್ನ ನಾನು ಈಗ್ಲೇ ನೋಡ್ತಿರೋದು. ನನ್ನಿಂದ ಕೆಟ್ಟೋಗೋದು ಬ್ಯಾಡ.”

ಸುಂದರಮ್ಮ ಸುಮ್ಮನಿದ್ದಳು ಎಂದು ಬರೆದೆ. ತಕ್ಷಣ ಅವಳೇ ಅಡುಗೆಮನೆಯಿಂದ ಹೊರಗೆ ಬಂದಳು.

“ಸುಮ್ನೆ ಎಲ್ರೀ ಇದ್ದೆ? ಅವರು ಆಫೀಸಿಗೆ ಹೋದ ಮೇಲೆ ಹಾಲು ಕೊಡ್ತಿದ್ದೆ, ಬಾಳೆಹಣ್ಣು ಕಿವುಚಿ ಕೊಡ್ತಿದ್ದೆ. ಅದನ್ನೂ ಬರೀರಿ.”

ಬರೆದಿದ್ದೇನೆ. ಆದರೆ ಅದು ಸಾಲಲಿಲ್ಲ.

೩

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಎದ್ದ ಕೆಂಚಮ್ಮ ಕುಸಿದುಬಿದ್ದರು. ತಟ್ಟೆ ಸದ್ದು ಮಾಡಿಕೊಂಡು ಬಿತ್ತು. ಜವರಯ್ಯ ಕಣ್ಣು ತೆರೆದು, ಓಡಿಹೋಗಿ ತಾಯಿಯನ್ನು ಎತ್ತಿಕೊಂಡ. ಒಣಹುಲ್ಲಿನ ಹೊರೆಯಂತೆ ಸಲೀಸಾಗಿ ತೋಳಿಗೆ ಬಂದುಬಿಟ್ಟರು. ಅವನು ಹೆದರಿದ.

“ಅವ್ವ ಯಾಕೆ ಇಷ್ಟು ಹಗುರ ಆಗವ್ಳೆ?”

“ಬಾಯಿ ತೆಗೆಸಿ ನೋಡಿ,” ಎಂದಳು ಸುಂದರಮ್ಮ. “ನಿಮ್ಮ ಅನ್ನ ಅಗಿಯೋಕೆ ಒಳಗೆ ಏನಿದೆ ಅಂತ ನೋಡಿ.”

ಅವನು ನೋಡಲಿಲ್ಲ, ನೋಡಬೇಕಾಗಿರಲಿಲ್ಲ. ತಲೆ ಬಗ್ಗಿಸಿ, “ಒಂದು ಮಾತು ಹೇಳ್ಬಾರ್ದಿತ್ತೇನವ್ವ?” ಅಂದ.

ಕೆಂಚಮ್ಮ ಅವನ ಹೊಟ್ಟೆಯ ಮೇಲೆ ಕೈಯಿಟ್ಟರು. “ನೋವು ನಿಂತೋಯ್ತಲ್ಲಪ್ಪ. ನಿಮ್ಮಪ್ಪಂಗೆ ನಿಲ್ಲನೇ ಇಲ್ಲ.”

ಇಲ್ಲಿಂದ ನನ್ನ ಕಷ್ಟ ಶುರು. ಒಂದು ಮುಕ್ತಾಯದಲ್ಲಿ ಜವರಯ್ಯ ಆ ಅಕ್ಕಿಯನ್ನೆಲ್ಲ ಬೀದಿಗೆ ಸುರಿದ. ಅವನೇ ಒಪ್ಪಲಿಲ್ಲ. “ನನ್ನ ನೋವು ಮತ್ತೆ ಬಂದ್ರೆ ಅವ್ವ ಅದನ್ನ ನೋಡೇ ಸಾಯ್ತಾಳೆ ಸ್ವಾಮಿ,” ಅಂದ. ಇನ್ನೊಂದರಲ್ಲಿ ಕೆಂಚಮ್ಮನನ್ನು ಇಲವಾಲದ ಬಸ್ಸು ಹತ್ತಿಸಿದೆ. ಸುಂದರಮ್ಮ ಆ ಹಾಳೆಯನ್ನು ಕಿತ್ತುಕೊಂಡು ಒಲೆಗೆ ಹಾಕಿದಳು. ಕೊನೆಗೆ ಪೆನ್ನು ಕೆಳಗಿಟ್ಟು, ಅವರು ಏನು ಮಾಡುತ್ತಾರೋ ನೋಡೋಣ ಎಂದು ಕೂತೆ.

೪

ಮನೆಯಲ್ಲಿ ಮುದ್ದೆಯ ಕಾಲದ ರಾಗಿ ಉಳಿದಿತ್ತು, ಹಿಟ್ಟಿರಲಿಲ್ಲ. ಭಾನುವಾರ ಮಿಲ್ಲಿಗೂ ಬೀಗ. ಸುಂದರಮ್ಮ ಬೀಸುವ ಕಲ್ಲಿನ ಮುಂದೆ ಕೂರಲು ಹೋದಾಗ ಜವರಯ್ಯ ಅವಳನ್ನು ಪಕ್ಕಕ್ಕೆ ಸರಿಸಿ ತಾನೇ ಕೂತ. ಗಂಡಸು ಬೀಸುವುದನ್ನು ಆ ಓಣಿ ಕಂಡಿರಲಿಲ್ಲ. ಎದುರುಮನೆಯ ಕಿಟಕಿ ತೆರೆದುಕೊಂಡಿತು. ಅವನು ಅತ್ತ ನೋಡಲೂ ಇಲ್ಲ.

ಕಲ್ಲು ತಿರುಗಿತು. ಆ ಗರಗರ ಸದ್ದು ಮಧ್ಯಾಹ್ನದ ಒಳಗೆಲ್ಲ ಹರಡಿ, ಗೋಡೆಗಳು ಮೆತ್ತಗಾದಂತೆ, ಮನೆ ಎಲ್ಲಿಗೋ ನಿಧಾನವಾಗಿ ತೇಲಿಹೊರಟಂತೆ ಇತ್ತು. ಚಾಪೆಯ ಮೇಲೆ ಕೆಂಚಮ್ಮ ಅರೆನಿದ್ದೆಯಲ್ಲಿದ್ದರು.

“ಯಾರವ್ವ ಬೀಸ್ತಿರೋದು?”

“ನಾನು ಕಣವ್ವ.”

ಅವರಿಗೆ ಯಾವ ‘ನಾನು’ ಕೇಳಿಸಿತೋ, ನಕ್ಕರು. “ಮೆಲ್ಲಗೆ ಬೀಸು. ಹಿಟ್ಟು ಬಿಸಿಯಾಯ್ತದೆ.”

ಅವನು ಮೆಲ್ಲಗೆ ಬೀಸಿದ. ಕಣ್ಣು ಒರೆಸಿಕೊಂಡ ಕಡೆಯೆಲ್ಲ ಮುಖಕ್ಕೆ ಹಿಟ್ಟು ಮೆತ್ತಿಕೊಂಡಿತು.

ಸುಂದರಮ್ಮ ತೆಳ್ಳಗೆ ಅಂಬಲಿ ಕಾಯಿಸಿ, ಮಜ್ಜಿಗೆ ಬೆರೆಸಿ, ಬಟ್ಟಲಿಗೆ ಹಾಕಿಕೊಟ್ಟಳು. ಜವರಯ್ಯ ತಾಯಿಯನ್ನು ಎದೆಗೆ ಒರಗಿಸಿಕೊಂಡು ಬಟ್ಟಲನ್ನು ಅವರ ತುಟಿಗೆ ಹಿಡಿದ. ಕುಡಿದರೇ? ಎಷ್ಟು? ಚೇತರಿಸಿಕೊಂಡರೇ? ನೀವು ಕೇಳುತ್ತೀರೆಂದು ನಾನು ಹತ್ತಿರ ಬಗ್ಗಿದೆ.

“ಅತ್ಲಾಗೆ ತಿರುಗ್ರೀ,” ಎಂದು ಗದರಿದಳು ಸುಂದರಮ್ಮ. “ಉಣ್ಣೋರ ಬಾಯಿ ನೋಡ್ಬಾರ್ದು. ಜೊತೇಲಿ ಕರ್ಕೊಂಡ್ ಬಂದಿದೀರಲ್ಲ, ಅವರಿಗೂ ಹೇಳಿ.”

ನಾನು ತಿರುಗಿದ್ದೇನೆ. ನೀವೂ ತಿರುಗಿ.