ಗೇಟಿನ ಹತ್ತಿರದ ಲಾರಿ

"ಇದನ್ನ ಇಲ್ಲಿ ನಿಲ್ಲಿಸಿದ್ರ ಗೇಟ್‌ಮನ್ ಕೋಣಿಗಿಂತ ಲಾರೀನ ಎತ್ತರ ಆಕ್ಕೈತಿ, ನೋಡು," ಎಂದು ಮಹೇಶಕುಮಾರ ಆಟಿಕೆ ಲಾರಿಯನ್ನು ಎತ್ತಿ ಹೆಂಡತಿಯ ಅಂಗೈ ಮೇಲಿಟ್ಟರು.

ನಾರಾಯಣಗೂಡದ ಆ ಮನೆಯಲ್ಲಿ, ಊಟದ ಟೇಬಲ್ ಇರಬೇಕಾದ ಜಾಗದಲ್ಲಿ, ಪ್ಲೈವುಡ್ ಹಲಗೆಯ ಮೇಲೆ ಶಹಾಬಾದ್ ಸ್ಟೇಷನ್ ಹರಡಿಕೊಂಡಿತ್ತು. ರೈಲ್ವೆಯಿಂದ ನಿವೃತ್ತರಾದ ಮೇಲೆ ಅವರು ಕಟ್ಟಿದ ಮಾದರಿ. ಅವರ ತಂದೆ ಕೆಲಸ ಮಾಡಿದ ಸಿಗ್ನಲ್ ಕ್ಯಾಬಿನ್, ತಾವು ಬೆಳೆದ ಕ್ವಾರ್ಟರ್ಸ್, ಅದರ ಮುಂದಿನ ಬೇವಿನ ಮರ ಎಲ್ಲವೂ ಇದ್ದವು. ಅದೇ ಊರಿನಲ್ಲಿ ಹಳಿಯ ಆಚೆ ಬೆಳೆದ ಹೆಂಡತಿ ದಾನೇಶ್ವರಿಯದು ಏನೂ ಇರಲಿಲ್ಲ. ಅವಳು ಕೇಳಿದ್ದು ಒಂದೇ, ಗೇಟಿನ ಹತ್ತಿರ ಅಪ್ಪ ಕಲ್ಲು ಸಾಗಿಸುತ್ತಿದ್ದ ಲಾರಿ. ನಾಳೆ ಗಂಡನ ಗೆಳೆಯರು ನೋಡಲು ಬರುವವರಿದ್ದರು. ಇವತ್ತೇ ಎಲ್ಲವನ್ನೂ ಗಮ್ ಹಚ್ಚಿ ಕೂರಿಸಬೇಕಿತ್ತು.

ಆಟಿಕೆ ರೈಲು ಬಂದಿದ್ದ ಡಬ್ಬಿಯ ಮೇಲೆ ಅಳತೆ ಎಂಬತ್ತೇಳು ಎಂದಿದ್ದುದನ್ನು ನೋಡಿಕೊಂಡೇ ಅವಳು ಕೋಠಿ ಪೇಟೆಗೆ ಹೋಗಿದ್ದಳು. ಅಂಗಡಿಯಲ್ಲಿ ಅರವತ್ನಾಲ್ಕು ಮಾತ್ರ ಇತ್ತು. ನಂಬರು ಕಡಿಮೆ, ತುಸು ಚಿಕ್ಕದಿದ್ದೀತು ಅಂದುಕೊಂಡು ತಂದಳು. ಬಳೆ ಕೊಳ್ಳುವಾಗಿನ ಲೆಕ್ಕ. ಅದು ದೊಡ್ಡದಾಯಿತು. ಮಗಳು ರಶ್ಮಿ ಆನ್‌ಲೈನಿನಲ್ಲಿ ನೂರಾ ಅರವತ್ತರದ್ದು ತರಿಸಿದಳು. ಅದು ಕಿರುಬೆರಳಿನಷ್ಟೂ ಇರಲಿಲ್ಲ.

"ಎಂಬತ್ತೇಳು ಅಂದ್ರ ಖರೆ ಲಾರಿಯ ಎಂಬತ್ತೇಳನೇ ಪಾಲು. ಪಾಲು ಹೆಚ್ಚಾದಂಗ ತುಣುಕು ಸಣ್ಣದಾಕ್ಕೈತಿ. ರೊಟ್ಟಿ ಹರದು ಹಂಚಿದಂಗ," ಎಂದು ಗಂಡ ತಿಳಿಸಿ ಹೇಳಿದರು.

"ನೀವು ಯಾವಾಗ ಹಂಚೀರಿ ರೊಟ್ಟಿ? ತಾಟಿಗೆ ಬಿದ್ದದ್ದು ಉಣ್ಣಾವ್ರು."

ಅವರು ನಕ್ಕರು. ಆಮೇಲೆ ತಲೆ ಎತ್ತದೆಯೇ ಕೇಳಿದರು. "ಅಲ್ಲ ದಾನೂ, ನಿಮ್ಮನ್ನ ಬಿಟ್ಟು ಹೋದವರ ಲಾರಿ ಇಲ್ಲಿ ಯಾಕ ಬೇಕು ನಿನಗ?"

ಅವಳು ಎರಡನೇ ಇಯತ್ತೆಯಲ್ಲಿದ್ದಾಗ ಅಪ್ಪ ಒಂದು ಬೆಳಿಗ್ಗೆ ಗಣಿಗೆಂದು ಹೋದವನು ಮರಳಲಿಲ್ಲ. ಸೋಲಾಪುರದಲ್ಲಿ ಬೇರೆ ಸಂಸಾರ ಹೂಡಿದ್ದಾನೆಂದು ಆಮೇಲೆ ತಿಳಿಯಿತು. ಅವ್ವ ಸಾಯುವ ತನಕ ಅವನ ಹೆಸರೆತ್ತಲಿಲ್ಲ. ದಾನೇಶ್ವರಿಗೆ ಅವನ ಮುಖ ಸರಿಯಾಗಿ ನೆನಪಿಲ್ಲ. ತನ್ನ ಭುಜದೆತ್ತರದ ಲಾರಿ ಗಾಲಿ ನೆನಪಿದೆ, ರಟ್ಟೆ ಹಿಡಿದು ಕ್ಯಾಬಿನ್ನಿಗೆ ಎತ್ತಿಕೊಳ್ಳುತ್ತಿದ್ದ ಕೈ ನೆನಪಿದೆ. ಹಾಗಾದರೆ ಲಾರಿ ಎಷ್ಟು ದೊಡ್ಡದಿತ್ತು? ಒಂದೊಂದು ಅಂಗೈಯಲ್ಲಿ ಒಂದೊಂದನ್ನು ಹಿಡಿದು ನೋಡಿದಳು. ದೊಡ್ಡದೇ ಸರಿ ಎನಿಸಿತು. ಮತ್ತೆ ನೋಡಿದರೆ, ಅಲ್ಲ. ತಾನು ಬೇಡುತ್ತಿರುವುದು ಲಾರಿಯನ್ನೋ, ಅಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಬೇಕಿದ್ದ ಮಾತನ್ನೋ, ಅದೂ ತಿಳಿಯಲಿಲ್ಲ.

"ಒಂದು ಕೆಲಸ ಮಾಡೂಣು," ಎಂದರು ಮಹೇಶಕುಮಾರ. "ಸಣ್ಣದನ್ನ ಹಿಂದಿನ ಗಣಿ ದಾರಿಗೆ ಇಡೂಣು. ದೂರ ಇದ್ದದ್ದು ಸಣ್ಣದ ಕಾಣಬೇಕಲ್ಲ? ಯಾರೂ ತಪ್ಪು ಹಿಡಿಯಂಗಿಲ್ಲ."

"ನಾ ಗೇಟಿನ ಹತ್ರ ಅಂದಿದ್ನಿ."

"ಗೇಟಿನ ಹತ್ರ ನಿಂತು ನೋಡು ಮತ್ತ."

ಅವಳು ಮಂಡಿಯೂರಿ ಹಲಗೆಯ ಅಂಚಿಗೆ ಗದ್ದ ಹಚ್ಚಿದಳು. ಕಣ್ಣ ಮುಂದೆ ಗೇಟಿನ ಅಡ್ಡಪಟ್ಟಿ, ಅದರಾಚೆ ಹಳಿ, ಹಳಿಯಾಚೆ ಬೂದು ಬಣ್ಣದ ದಾರಿ. ದಾರಿಯ ತುದಿಗೆ ಗಂಡ ಲಾರಿಯನ್ನು ಹಿಡಿದಿದ್ದರು. ನೆನಪಿನಲ್ಲಿದ್ದ ಲಾರಿಯೂ ಅಷ್ಟೇ ದೂರವಿತ್ತು. ಸರಿಯಾಗಿ ಅಷ್ಟೇ.

"ಮುಖ ಯಾ ಕಡೆ ಇರ್ಲಿ?" ಅವರ ಇನ್ನೊಂದು ಕೈಯಲ್ಲಿ ಗಮ್ಮಿನ ಟ್ಯೂಬಿತ್ತು. "ಬರಾಕತ್ತೈತೋ, ಹೋಗಾಕತ್ತೈತೋ?"

ಅವರು ಲಾರಿಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸಿ ತೋರಿಸಿದರು.

"ಗಮ್ ಹಚ್ಚಬ್ಯಾಡ್ರಿ," ಎಂದಳು.

ಅವರು ಟ್ಯೂಬಿಗೆ ಮುಚ್ಚಳ ಹಾಕಿ, ಲಾರಿಯನ್ನು ದಾರಿಗೆ ಅಡ್ಡವಾಗಿ ಇಟ್ಟು, ಮೆಲ್ಲಗೆ ಕೈ ತೆಗೆದರು.